ಪೆಲೆಟ್ ತೂಗುವ ಮೊದಲು ತಕ್ಕಡಿಯನ್ನೇ ಪರೀಕ್ಷೆ ಮಾಡಿ

ಮಳೆಗಾಲದ ಒಂದು ಸಂಜೆ ಅಣ್ಣನ ಮಗಳು ಪೆಲೆಟ್ ಟಿನ್ ಮತ್ತು ಅಂಗೈಯಗಲದ ಡಿಜಿಟಲ್ ತಕ್ಕಡಿ ಹಿಡಿದುಕೊಂಡು ಮೂಡಿಗೆರೆ ಹತ್ತಿರದ ನಮ್ಮ ತೋಟದ ಮನೆಗೆ ಬಂದಳು. 10 ಮೀಟರ್ ಏರ್ ರೈಫಲ್ ಅವಳ ಆಟ. ಪೆಲೆಟ್ ಅಂದರೆ ಅದಕ್ಕೆ ಹಾಕುವ ಸೀಸದ ಪುಟ್ಟ ಗುಂಡು. 'ಚಿಕ್ಕಪ್ಪ, ಐನೂರನ್ನೂ ಒಂದೊಂದಾಗಿ ತೂಗಿ ಬೇರೆ ಮಾಡಿದೀನಿ. ಆದ್ರೂ ಈಡು ಮೇಲೆ ಕೆಳಗೆ ಹೋಗ್ತಿದೆ' ಅಂದಳು.

ಪುಟ್ಟ ಪ್ಲಾಸ್ಟಿಕ್ ಪೊಟ್ಟಣಗಳ ಮೇಲೆ 0.530, 0.531, 0.532 ಅಂತ ಗ್ರಾಂ ಲೆಕ್ಕದಲ್ಲಿ ಮುದ್ದಾಗಿ ಬರೆದಿದ್ದಳು. 0.531ರ ಪೊಟ್ಟಣದಿಂದ ಒಂದು ಪೆಲೆಟ್ ತೆಗೆದು ಅವಳ ತಕ್ಕಡಿಯಲ್ಲೇ ಇಟ್ಟೆ. 0.534 ತೋರಿಸಿತು. ತೆಗೆದು ಮತ್ತೆ ಇಟ್ಟೆ. 0.529. ತಲೆಯ ಮೇಲೆ ಫ್ಯಾನ್ ತಿರುಗುತ್ತಿತ್ತು. ಅದನ್ನು ನಿಲ್ಲಿಸಿ ಇಟ್ಟರೆ 0.532. ಪಾಪ, ಎರಡು ಸಂಜೆ ಕೂತು ಅವಳು ಬೇರೆ ಮಾಡಿಟ್ಟದ್ದು ಪೆಲೆಟ್‌ಗಳನ್ನಲ್ಲ, ಫ್ಯಾನಿನ ಗಾಳಿಯನ್ನು.

ಅವತ್ತು ಅವಳಿಗೆ ಹೇಳಿಕೊಟ್ಟದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಅದಕ್ಕೂ ಮೊದಲು ಒಂದು ಮಾತು. ನಮ್ಮ ಮಲೆನಾಡಿನಲ್ಲಿ ಕೋವಿ ಹೊಸದೇನಲ್ಲ. ಎಷ್ಟೋ ತೋಟದ ಮನೆಗಳಲ್ಲಿ ಲೈಸೆನ್ಸ್ ಕೋವಿ ಇದೆ. ಎಲೆಕ್ಷನ್ ಬಂದಾಗ ಅದನ್ನು ಸ್ಟೇಷನ್ನಿಗೆ ಹೊತ್ತುಕೊಂಡು ಹೋಗಿ ಜಮಾ ಮಾಡುವ ಕಷ್ಟ ಎಲ್ಲರಿಗೂ ಗೊತ್ತು. ಅಮೆರಿಕದಲ್ಲಿ ಗುರಿ ಆಟದವರು ಖಾಲಿ ತೋಟಾಗಳಿಗೆ ತಾವೇ ಮದ್ದು ತೂಗಿ ತುಂಬಿಕೊಳ್ಳುವ ವಿಡಿಯೊ ನೋಡಿ, 'ನಾವೂ ಮಾಡಬಹುದಾ?' ಅಂತ ಕೇಳುವವರಿದ್ದಾರೆ. ಬೇಡ. ಲೈಸೆನ್ಸ್ ಇಲ್ಲದೆ ತೋಟಾ ತಯಾರಿಸುವುದು 1959ರ ಆರ್ಮ್ಸ್ ಆಕ್ಟ್ ಪ್ರಕಾರ ಅಪರಾಧ. ಕೋವಿ ಇಟ್ಟುಕೊಳ್ಳುವ ಲೈಸೆನ್ಸ್ ತೋಟಾ ತಯಾರಿಸುವ ಲೈಸೆನ್ಸ್ ಆಗುವುದಿಲ್ಲ. ಅಲ್ಲಿಯವರು ಮದ್ದು ತೂಗುವಾಗ ತೋರಿಸುವ ಶಿಸ್ತು ಮಾತ್ರ ನಮಗೂ ಬೇಕು. ಅದನ್ನು ಏರ್ ರೈಫಲ್ ಪೆಲೆಟ್ ಮೇಲೆ ತೋರಿಸಿದರೆ ಯಾರಿಗೂ ತೊಂದರೆ ಇಲ್ಲ.

ಗ್ರಾಂ, ಗ್ರೇನ್, ತೊಲ

ಪೆಲೆಟ್ ಟಿನ್ ಮೇಲೆ ಸಾಮಾನ್ಯವಾಗಿ ಎರಡು ಅಳತೆ ಇರುತ್ತದೆ. ರೈಫಲ್ ಪೆಲೆಟ್ ಆದರೆ 0.53 ಗ್ರಾಂ ಆಸುಪಾಸು, ಅಂದರೆ 8.2 ಗ್ರೇನ್. ಒಂದು ಗ್ರೇನ್ ಅಂದರೆ 64.8 ಮಿಲಿಗ್ರಾಂ. ಈ ಗ್ರೇನ್ ಎಲ್ಲಿಂದಲೋ ಬಂದ ವಿದೇಶಿ ಲೆಕ್ಕ ಅಂದುಕೊಳ್ಳಬೇಡಿ. ಬ್ರಿಟಿಷರ ಕಾಲದ ಬೆಳ್ಳಿ ರೂಪಾಯಿ ಒಂದು ತೊಲ ತೂಗುತ್ತಿತ್ತಲ್ಲ, ಆ ತೊಲ ಸರಿಯಾಗಿ 180 ಗ್ರೇನ್, ಅಂದರೆ 11.66 ಗ್ರಾಂ. ಅಜ್ಜಿಯ ಪೆಟ್ಟಿಗೆಯಲ್ಲಿರುವ ಒಂದು ರೂಪಾಯಿಗೆ 22 ಪೆಲೆಟ್ ಸಮ.

ತೂಗುವಾಗ ಗ್ರಾಂನಲ್ಲೇ ತೂಗಿ. ಪುಟ್ಟ ತಕ್ಕಡಿಗಳಲ್ಲಿ ಅಳತೆ ಬದಲಿಸುವ ಬಟನ್ ಒಂದಿರುತ್ತದೆ. ಕೈತಪ್ಪಿ ಒತ್ತಿದರೆ ಗ್ರಾಂ ಹೋಗಿ ಗ್ರೇನ್, ಕ್ಯಾರಟ್ ಏನಾದರೂ ಬಂದು ಕೂರುತ್ತದೆ. ಕ್ಯಾರಟ್ ಅಂದರೆ 200 ಮಿಲಿಗ್ರಾಂ. ಹಾಗಾಗಿ 0.53 ಬರಬೇಕಾದಲ್ಲಿ 2.65 ಕಂಡು ಗಾಬರಿಯಾಗುತ್ತದೆ. ತೂಗಲು ಕೂತಾಗಲೆಲ್ಲ ಪರದೆಯ ಮೂಲೆಯಲ್ಲಿರುವ ಅಕ್ಷರವನ್ನು ಒಮ್ಮೆ ನೋಡಿ.

ಎಂಥ ತಕ್ಕಡಿ

ಕಾಫಿ ಔಟ್‌ಟರ್ನ್, ಅಂದರೆ ಒಣಗಿದ ಕಾಫಿಯಿಂದ ಎಷ್ಟು ಬೀಜ ಸಿಗುತ್ತದೆ ಅಂತ ನೋಡಲು ಮನೆಯಲ್ಲಿ ಒಂದು ಡಿಜಿಟಲ್ ತಕ್ಕಡಿ ಇದ್ದೇ ಇರುತ್ತದೆ. ಅದು ಆಗುವುದಿಲ್ಲ. ಅದರಲ್ಲಿ ಕೊನೆಯ ಅಂಕೆ 0.1 ಗ್ರಾಂ, ಹಾಗಾಗಿ ನಮ್ಮ ಇಡೀ ಪೆಲೆಟ್ಟೇ ಅದಕ್ಕೆ ಐದು ಮೆಟ್ಟಿಲು ಅಷ್ಟೆ. ಕೊನೆಯ ಅಂಕೆ 0.001 ಗ್ರಾಂ, ಅಂದರೆ ಒಂದು ಮಿಲಿಗ್ರಾಂ ಇರುವ ತಕ್ಕಡಿ ಬೇಕು. ಸಾಮರ್ಥ್ಯ 20 ಅಥವಾ 50 ಗ್ರಾಂ ಸಾಕು. ಕೊನೆಯ ಅಂಕೆ 0.001 ಅಂದ ಮಾತ್ರಕ್ಕೆ ತಕ್ಕಡಿ ಅಷ್ಟು ನಿಖರ ಅಂತಲ್ಲ. ಆ ಅಂಕೆಯನ್ನು ತೋರಿಸಬಲ್ಲದು ಅಂತಷ್ಟೇ ಅರ್ಥ.

ನಾನು ಮೊದಲು ಆನ್‌ಲೈನಲ್ಲಿ ತರಿಸಿದ್ದು ಮೂರು ತಿಂಗಳಲ್ಲಿ ಕೈಕೊಟ್ಟಿತು. ಸೊನ್ನೆ ನಿಲ್ಲುತ್ತಲೇ ಇರಲಿಲ್ಲ. ಆಮೇಲೆ ಚಿಕ್ಕಮಗಳೂರಿನಲ್ಲಿ ಪರಿಚಯದ ಅಕ್ಕಸಾಲಿಯ ಹತ್ತಿರ ಹೋಗಿ, 'ಆಚಾರ್ರೇ, ನಿಮ್ಮದು ಹೇಗೆ ನಿಲ್ಲುತ್ತೆ?' ಅಂತ ಕೇಳಿದೆ. ಅವರು ಬಾಯಿಬಿಟ್ಟು ಏನೂ ಹೇಳಲಿಲ್ಲ. ತಕ್ಕಡಿಯ ಗಾಜಿನ ಬಾಗಿಲು ಎಳೆದು ಮುಚ್ಚಿ, ಎರಡು ಕೈಯನ್ನೂ ಮೇಜಿನಿಂದ ತೆಗೆದು ಮಡಿಲಲ್ಲಿಟ್ಟುಕೊಂಡು ಸುಮ್ಮನೆ ಕೂತರು. ಅಂಕೆ ನಿಂತ ಮೇಲೆ ಓದಿದರು. ನನಗೆ ಅಷ್ಟು ಪಾಠ ಸಾಕಾಯಿತು.

ಜಾಗ ಸಿದ್ಧಮಾಡುವುದು

ಇದೇ ಅರ್ಧ ಕೆಲಸ. ಊಟದ ಮೇಜು ಬೇಡ, ಅದು ಅಲ್ಲಾಡುತ್ತದೆ. ಜೊತೆಗೆ ಸೀಸವನ್ನು ಅನ್ನ ಉಣ್ಣುವ ಜಾಗಕ್ಕೆ ತರಲೇಬಾರದು. ಗೋಡೆಗೆ ಒತ್ತಿಟ್ಟ ಭಾರದ ಮೇಜಿನ ಮೇಲೆ ಒಂದಡಿ ಕಡಪ ಕಲ್ಲಿನ ತುಂಡು ಇಡಿ. ಮನೆ ಕಟ್ಟಿಸಿದಾಗ ಉಳಿದದ್ದು ಎಲ್ಲರ ಹಿತ್ತಲಲ್ಲೂ ಬಿದ್ದಿರುತ್ತದೆ. ಕಲ್ಲು ಮಟ್ಟವಾಗಿದೆಯಾ ಅಂತ ಗಾರೆ ಕೆಲಸದವರ ರಸಮಟ್ಟ ಇಟ್ಟು ನೋಡಿ. ಓರೆಯಾಗಿದ್ದರೆ ಮಡಚಿದ ಕಾಗದ ಕೊಟ್ಟು ಸರಿಮಾಡಿ.

ಫ್ಯಾನ್ ನಿಲ್ಲಿಸಿ, ಕಿಟಕಿ ಮುಚ್ಚಿ. ಉಸಿರು ಕೂಡ ಒಂದೆರಡು ಮಿಲಿಗ್ರಾಂ ಅಲ್ಲಾಡಿಸುತ್ತದೆ. ಬಚ್ಚಲೊಲೆಯ ಗೋಡೆ ಪಕ್ಕ ಕೂರಬೇಡಿ. ಅಲ್ಲಿ ಬಿಸಿ ಗಾಳಿ ಸದಾ ಮೇಲೇಳುತ್ತಿರುತ್ತದೆ, ನಮ್ಮ ಕಣ್ಣಿಗೆ ಕಾಣುವುದಿಲ್ಲ ಅಷ್ಟೆ. ತಕ್ಕಡಿಗೆ ಗಾಜಿನ ಮುಚ್ಚಳ ಇಲ್ಲದಿದ್ದರೆ ಬೇಕರಿಯಲ್ಲಿ ಬಿಸ್ಕತ್ತು ತುಂಬಿಡುವಂಥ ಗಾಜಿನ ಭರಣಿಯೊಂದನ್ನು ಕವುಚಿ ಹಾಕಿ. ಹಾಸನದವರಿಗೆ ಬೇಕರಿ ಭರಣಿ ಸಿಗುವುದೇನು ಕಷ್ಟ! ಪ್ಲಾಸ್ಟಿಕ್ ಡಬ್ಬ ಬೇಡ. ಜನವರಿ–ಫೆಬ್ರವರಿಯ ಒಣ ಹವೆಯಲ್ಲಿ ಪ್ಲಾಸ್ಟಿಕ್ಕಿಗೆ ಸ್ಥಿರ ವಿದ್ಯುತ್ ಹಿಡಿದು, ತಟ್ಟೆಯನ್ನು ಎಳೆಯುತ್ತದೆ. ಸ್ವೆಟರ್ ತೋಳು ಹತ್ತಿರ ತಂದರೂ ಅಂಕೆ ಓಡುತ್ತದೆ. ಅಂಥ ದಿನ ಪಕ್ಕದಲ್ಲಿ ಒಂದು ಒದ್ದೆ ಬಟ್ಟೆ ಹರಡಿಟ್ಟರೆ ಎಷ್ಟೋ ವಾಸಿ. ಮಳೆಗಾಲದಲ್ಲಿ ಈ ಕಾಟ ಇಲ್ಲ. ನಮ್ಮ ಕಡೆ ಜುಲೈನಲ್ಲಿ ಬೆಂಕಿಪೊಟ್ಟಣವೇ ಒಣಗುವುದಿಲ್ಲ, ಇನ್ನು ಸ್ಥಿರ ವಿದ್ಯುತ್ ಎಲ್ಲಿಂದ ಬರಬೇಕು?

ತಕ್ಕಡಿಯನ್ನು ಕರೆಂಟಿಗೆ ಚುಚ್ಚುವುದಕ್ಕಿಂತ ಹೊಸ ಬ್ಯಾಟರಿ ಹಾಕಿ ನಡೆಸುವುದು ಒಳ್ಳೆಯದು. ನಮ್ಮ ವೋಲ್ಟೇಜಿನ ಕಥೆ ಗೊತ್ತೇ ಇದೆ. ಮೊಬೈಲನ್ನು ಇನ್ನೊಂದು ಕೋಣೆಯಲ್ಲಿಡಿ. ಆಮೇಲೆ ತಕ್ಕಡಿ ಆನ್ ಮಾಡಿ 20–30 ನಿಮಿಷ ಹಾಗೇ ಬಿಡಿ. ಒಳಗಿನ ಲೋಡ್ ಸೆಲ್ ಅಂದರೆ ಭಾರಕ್ಕೆ ಚೂರೇ ಬಾಗುವ ಲೋಹದ ತುಂಡು. ಅದು ಬಾಗಿದ್ದೆಷ್ಟು ಅನ್ನುವುದನ್ನು ವಿದ್ಯುತ್ತಿನಿಂದ ಅಳೆಯುತ್ತಾರೆ. ಬಿಸಿ ಏರಿಳಿದರೆ ಆ ಅಳತೆಯೂ ಏರಿಳಿಯುತ್ತದೆ. ತಾನಾಗಿ ಆಫ್ ಆಗುವ ತಕ್ಕಡಿಯಾದರೆ ಆಗಾಗ ಮುಟ್ಟಿ ಎಬ್ಬಿಸುತ್ತಿರಬೇಕು. ರೇಜಿಗೆ, ಆದರೆ ಬೇರೆ ದಾರಿಯಿಲ್ಲ.

ಬಟ್ಟು ಇಟ್ಟು ಸರಿಮಾಡುವುದು

ತಕ್ಕಡಿ ಜೊತೆ ಒಂದು 20 ಗ್ರಾಂ ಬಟ್ಟು ಕೊಟ್ಟಿರುತ್ತಾರೆ. ಅದನ್ನು ಬೆರಳಲ್ಲಿ ಮುಟ್ಟಬೇಡಿ. ಬೆರಳ ಜಿಡ್ಡಿಗೂ ತೂಕವಿದೆ, ದಿನ ಕಳೆದಂತೆ ಅದು ಲೋಹವನ್ನೂ ತಿನ್ನುತ್ತದೆ. ಬಟ್ಟುಗಳಲ್ಲಿ ದರ್ಜೆಗಳಿವೆ. ಎಂ1 ದರ್ಜೆಯ 20 ಗ್ರಾಂ ಬಟ್ಟು ಎರಡೂವರೆ ಮಿಲಿಗ್ರಾಂವರೆಗೆ ಹೆಚ್ಚುಕಡಿಮೆ ಇರಬಹುದು. ಎಫ್1 ದರ್ಜೆಯದಾದರೆ 0.25 ಮಿಲಿಗ್ರಾಂ ಮಾತ್ರ. ನಮ್ಮ ಕೆಲಸಕ್ಕೆ ಎಂ1 ಸಾಕು. ಯಾಕೆ ಅಂತ ಈಗ ಹೇಳುತ್ತೇನೆ.

ಡಿಜಿಟಲ್ ತಕ್ಕಡಿ ನಿಜಕ್ಕೂ ಅಳೆಯುವುದು ಭೂಮಿಯ ಎಳೆತವನ್ನು. ಆ ಎಳೆತ ಎಲ್ಲ ಕಡೆ ಒಂದೇ ಅಲ್ಲ. ಮಂಗಳೂರಿನಲ್ಲಿ ಸರಿಮಾಡಿದ ತಕ್ಕಡಿಯನ್ನು ಚಾರ್ಮಾಡಿ ಘಾಟಿ ಹತ್ತಿಸಿ ಚಿಕ್ಕಮಗಳೂರಿಗೆ ತಂದರೆ ಸಾವಿರ ಮೀಟರ್ ಮೇಲೆ ಬಂದಂತಾಯಿತು. ಅದೇ 20 ಗ್ರಾಂ ಬಟ್ಟು ಇಲ್ಲಿ ನಾಲ್ಕೈದು ಮಿಲಿಗ್ರಾಂ ಕಡಿಮೆ ತೋರಿಸುತ್ತದೆ. ಹಾಗಾಗಿ ತೂಗುವ ಜಾಗದಲ್ಲೇ ಸರಿಮಾಡಿಕೊಳ್ಳಬೇಕು. ಆದರೆ ಅರ್ಧ ಗ್ರಾಂ ಪೆಲೆಟ್ ಮೇಲೆ ಈ ತಪ್ಪು ಎಷ್ಟಾಗುತ್ತದೆ ಅಂತ ಲೆಕ್ಕ ಹಾಕಿ. ಮಿಲಿಗ್ರಾಂನ ಹತ್ತನೇ ಒಂದು ಭಾಗ! ಪರದೆಯಲ್ಲಿ ಕಾಣುವುದೇ ಇಲ್ಲ. ನಮಗೆ ಬೇಕಾಗಿರುವುದು ಈ ಪೆಲೆಟ್ಟಿಗೂ ಆ ಪೆಲೆಟ್ಟಿಗೂ ಎಷ್ಟು ವ್ಯತ್ಯಾಸ ಅನ್ನುವುದು. ನಿಜವಾದ ತೂಕ 0.531 ಇದ್ದರೇನು, 0.532 ಇದ್ದರೇನು? ತಕ್ಕಡಿ ಒಂದೇ ಸುಳ್ಳನ್ನು ಕೊನೆಯವರೆಗೆ ಹೇಳುತ್ತಿದ್ದರೆ ಸಾಕು. ಗಳಿಗೆಗೊಂದು ಸುಳ್ಳು ಹೇಳಿದರೆ ಮಾತ್ರ ಕಷ್ಟ.

ಹತ್ತು ಸಲದ ಪರೀಕ್ಷೆ

ಇದನ್ನೊಂದು ಬಿಟ್ಟು ಬೇರೆ ಏನನ್ನು ಬಿಟ್ಟರೂ ನಡೆಯುತ್ತದೆ. ಒಂದೇ ಪೆಲೆಟನ್ನು ಹತ್ತು ಸಲ ತೂಗಿ. ತಟ್ಟೆಯ ನಡುವೆ ಇಡಿ, ಭರಣಿ ಮುಚ್ಚಿ, ಅಂಕೆ ನಿಲ್ಲಲಿ, ಬರೆದುಕೊಳ್ಳಿ. ಪೂರ್ತಿ ತೆಗೆಯಿರಿ, ಸೊನ್ನೆಗೆ ಬಂತಾ ನೋಡಿ, ಮತ್ತೆ ಇಡಿ. ಹತ್ತು ಅಂಕೆಗಳಲ್ಲಿ ದೊಡ್ಡದರಿಂದ ಚಿಕ್ಕದನ್ನು ಕಳೆಯಿರಿ. ನಮ್ಮ ಹುಡುಗಿಯ ತಕ್ಕಡಿ ಫ್ಯಾನ್ ಹಾಕಿದ್ದಾಗ 7 ಮಿಲಿಗ್ರಾಂ ಆಚೀಚೆ ಹೋಗುತ್ತಿತ್ತು. ಕಲ್ಲು, ಭರಣಿ, ಬ್ಯಾಟರಿ ಎಲ್ಲ ಆದಮೇಲೆ 2ಕ್ಕೆ ಇಳಿಯಿತು. ತಕ್ಕಡಿ ಅದೇ, ಪೆಲೆಟ್ಟೂ ಅದೇ.

ಈ 2 ಮಿಲಿಗ್ರಾಂ ನಿಮ್ಮ ತಕ್ಕಡಿಯ ಯೋಗ್ಯತೆ. ಅದಕ್ಕಿಂತ ಸಣ್ಣ ವ್ಯತ್ಯಾಸ ಅದಕ್ಕೆ ಕಾಣುವುದಿಲ್ಲ. ಹಾಗಾಗಿ 0.530, 0.531, 0.532 ಅಂತ ಒಂದೊಂದು ಮಿಲಿಗ್ರಾಂಗೆ ಒಂದೊಂದು ಪೊಟ್ಟಣ ಮಾಡುವುದರಲ್ಲಿ ಅರ್ಥವೇ ಇಲ್ಲ. 2 ಬಂದರೆ 5 ಮಿಲಿಗ್ರಾಂಗೆ ಒಂದು ಗುಂಪು ಮಾಡಿ. 5 ಬಂದರೆ 10ಕ್ಕೆ ಒಂದು. 10 ಬಂದರೆ ತಕ್ಕಡಿಯನ್ನು ಏಲಕ್ಕಿ ತೂಗಲು ಇಟ್ಟುಕೊಂಡು ಬೇರೆಯದನ್ನು ಕೊಳ್ಳಿ.

ಅದೇ ಪೆಲೆಟನ್ನು ತಟ್ಟೆಯ ನಾಲ್ಕು ಅಂಚಿಗೂ ಇಟ್ಟು ನೋಡಿ. ಅಂಚಿಗೊಂದು ಅಂಕೆ ಬಂದರೆ, ನಡುವೆ ಮಾರ್ಕರ್‌ನಲ್ಲಿ ಒಂದು ಚುಕ್ಕೆ ಹಾಕಿಕೊಂಡು ಯಾವಾಗಲೂ ಅಲ್ಲೇ ಇಡಿ.

ತೂಗುವುದು

ಟಿನ್ ಅನ್ನು ಹಳೆ ಟವೆಲ್ ಮೇಲೆ ನಿಧಾನವಾಗಿ ಬಗ್ಗಿಸಿ. ಸೀಸ ಬಲು ಮೆತ್ತಗೆ, ಬಿದ್ದರೆ ನೆಗ್ಗುತ್ತದೆ. ಮೊದಲು ಕಣ್ಣಲ್ಲಿ ಆರಿಸಿ. ಹಿಂದಿನ ಸ್ಕರ್ಟ್ (ಪೆಲೆಟ್ಟಿನ ಬಾಲದ ತೆಳು ಅಂಚು) ನೆಗ್ಗಿದ್ದು, ತಲೆಯ ಅಂಚಲ್ಲಿ ಸೀಸದ ಎಳೆ ಅಂಟಿದ್ದು, ಬಿಳಿ ಪುಡಿ ಹಿಡಿದದ್ದು, ಎಲ್ಲ ಪಕ್ಕಕ್ಕೆ. ಸ್ಕರ್ಟ್ ನೆಗ್ಗಿದ ಪೆಲೆಟ್ಟಿನ ತೂಕ ಸರಿಯಾಗೇ ಇರುತ್ತದೆ. ಅದು ನೆಟ್ಟಗೆ ಹೋಗುವುದಿಲ್ಲ ಅಂತ ತಕ್ಕಡಿ ಹೇಳಲಾರದು, ಕಣ್ಣೇ ಹೇಳಬೇಕು. ಕರಿಮೆಣಸು ಕೊಳ್ಳುವವರು ಲೀಟರ್ ತೂಕ ನೋಡಿದ ಮೇಲೂ ಒಂದು ಹಿಡಿ ಅಂಗೈಗೆ ಹಾಕಿ ನೋಡುತ್ತಾರಲ್ಲ, ಹಾಗೆ.

ಆಮೇಲೆ ಒಂದು ಸಾಕ್ಷಿ ಪೆಲೆಟ್ ಆರಿಸಿಕೊಳ್ಳಿ. ಚೆನ್ನಾಗಿರುವ ಒಂದನ್ನು ತೆಗೆದು ಅದರ ಮೇಲೆ ಮಾರ್ಕರ್ ಗುರುತು ಹಾಕಿ ಬೇರೆ ಡಬ್ಬಿಯಲ್ಲಿಡಿ. ಅದರ ತೂಕ ಗೋಡೆ ಮೇಲೆ ಬರೆದಿಡಿ. ಪ್ರತಿ 20 ಪೆಲೆಟ್ಟಿಗೊಮ್ಮೆ ಅದನ್ನು ತೂಗಿ. 0.532 ಇದ್ದದ್ದು 0.535 ಆಗಿದ್ದರೆ ತಕ್ಕಡಿ ಜಾರಿದೆ ಅಂತ ಅರ್ಥ. ಸೊನ್ನೆ ಮಾಡಿ, ಹಿಂದಿನ 20 ಮತ್ತೆ ತೂಗಿ. ಬೇಜಾರಾಗುತ್ತದೆ, ನಿಜ. ಆದರೆ ದುಡ್ಡು ಕೊಟ್ಟು ತಂದ ಬಟ್ಟಿಗಿಂತ ಈ ಸಾಕ್ಷಿ ಪೆಲೆಟ್ಟೇ ನನಗೆ ಜಾಸ್ತಿ ಉಪಯೋಗಕ್ಕೆ ಬಂದಿದೆ. ತೂಗಬೇಕಾದ ತೂಕದಲ್ಲೇ ಅದು ತಕ್ಕಡಿಯನ್ನು ಪರೀಕ್ಷೆ ಮಾಡುತ್ತದೆ.

ಚಿಮುಟ ಮೆತ್ತನೆಯ ತುದಿಯದಿರಲಿ. ಕಬ್ಬಿಣದ ಚಿಮುಟ ಸ್ಕರ್ಟ್ ಕಚ್ಚಿಬಿಡುತ್ತದೆ. ಪೆಲೆಟ್ ಇಟ್ಟು, ಭರಣಿ ಮುಚ್ಚಿ, ಆಚಾರ್ರ ಹಾಗೆ ಕೈ ಮಡಿಲಲ್ಲಿಟ್ಟುಕೊಳ್ಳಿ. ಐದರವರೆಗೆ ಎಣಿಸಿ ಓದಿ. ಗುಂಪು ಮಾಡಲು ಮೊಟ್ಟೆ ಟ್ರೇ ಚೆನ್ನ, ಗುಳಿಗೊಂದು ತೂಕ ಬರೆದುಕೊಳ್ಳಬಹುದು. ನಮ್ಮ ಹುಡುಗಿ ಅಡುಗೆಮನೆಯಿಂದ ಇಡ್ಲಿ ತಟ್ಟೆ ತಂದಿದ್ದಳು. ಅವಳ ಚಿಕ್ಕಮ್ಮ ನೋಡುವ ಮೊದಲು ವಾಪಸ್ ಇಟ್ಟು ಬರಲು ಹೇಳಿದೆ. ಸೀಸ ವಿಷ, ತಮಾಷೆಯಲ್ಲ. ತೂಗುವಾಗ ಏನೂ ತಿನ್ನಬೇಡಿ, ಕಾಫಿ ಲೋಟವೂ ಹತ್ತಿರ ಬೇಡ. ಮುಗಿದ ಮೇಲೆ ಸೋಪು ಹಾಕಿ ಕೈ ತೊಳೆಯಿರಿ. ಕಲ್ಲನ್ನು ಒದ್ದೆ ಬಟ್ಟೆಯಿಂದ ಒರೆಸಿ, ಗುಡಿಸಿದರೆ ಪುಡಿ ಮೇಲೇಳುತ್ತದೆ. ಚಿಕ್ಕ ಮಕ್ಕಳನ್ನು ಆ ಕೋಣೆಗೆ ಬಿಡಬೇಡಿ.

ಒಂದೇ ಪಟ್ಟಿಗೆ 500 ತೂಗಲು ಹೋಗಬೇಡಿ. ನೂರು ದಾಟಿದರೆ ಕಣ್ಣು 0.528ನ್ನು 0.532 ಅಂತ ಓದಲು ಶುರುಮಾಡುತ್ತದೆ.

ಇಷ್ಟೆಲ್ಲ ಮಾಡಿ ಸಿಗುವುದೆಷ್ಟು?

ಲೆಕ್ಕ ಹಾಕೋಣ. ಪೆಲೆಟ್ ನಳಿಗೆ ಬಿಡುವಾಗ ವೇಗ ಸೆಕೆಂಡಿಗೆ ಸುಮಾರು 170–175 ಮೀಟರ್. 10 ಮೀಟರ್ ಹೋಗುವಷ್ಟರಲ್ಲಿ ಅದು ಸುಮಾರು 17 ಮಿಲಿಮೀಟರ್ ಕೆಳಗೆ ಬೀಳುತ್ತದೆ. ರೈಫಲ್ ಕೊಡುವ ಶಕ್ತಿ ಅಷ್ಟೇ ಇರುವಾಗ ಪೆಲೆಟ್ 1 ಪರ್ಸೆಂಟ್ ಭಾರವಾದರೆ ವೇಗ ಅರ್ಧ ಪರ್ಸೆಂಟ್ ಕಡಿಮೆ, ಬೀಳುವುದು 1 ಪರ್ಸೆಂಟ್ ಜಾಸ್ತಿ. ಅಂದರೆ 5 ಮಿಲಿಗ್ರಾಂ ವ್ಯತ್ಯಾಸಕ್ಕೆ 0.16 ಮಿಲಿಮೀಟರ್. 10 ಮಿಲಿಗ್ರಾಂಗೆ 0.3.

ಏರ್ ರೈಫಲ್ ಗುರಿಯ ನಡುವಿನ ಹತ್ತರ ಚುಕ್ಕೆ ಅರ್ಧ ಮಿಲಿಮೀಟರ್. 10.0, 10.1 ಅಂತ ದಶಮಾಂಶದ ಲೆಕ್ಕದಲ್ಲಿ ಒಂದೊಂದು ಮೆಟ್ಟಿಲು 0.25 ಮಿಲಿಮೀಟರ್. ಆದ್ದರಿಂದ 10 ಮಿಲಿಗ್ರಾಂ ತಪ್ಪಿದರೆ ಹೆಚ್ಚುಕಡಿಮೆ ಒಂದು ದಶಮಾಂಶ ಹೋಯಿತು. 2008ರ ಬೀಜಿಂಗ್ ಒಲಿಂಪಿಕ್ಸಿನಲ್ಲಿ ಅಭಿನವ್ ಬಿಂದ್ರಾ 700.5 ಗಳಿಸಿ ಚಿನ್ನ ಗೆದ್ದಾಗ ಬೆಳ್ಳಿಯವನದು 699.7. ವ್ಯತ್ಯಾಸ 0.8. ಆ ಮಟ್ಟದಲ್ಲಿ ಒಂದು ದಶಮಾಂಶವೂ ದುಡ್ಡೇ. ನನ್ನ ಮಟ್ಟದಲ್ಲಿ ಅಲ್ಲ. ನನ್ನ ಕೈ ನಡುಕವೇ ನಾಲ್ಕೈದು ಮಿಲಿಮೀಟರ್ ತಿನ್ನುತ್ತದೆ.

ಅದಕ್ಕೇ ನನ್ನ ಅಭಿಪ್ರಾಯ ಇಷ್ಟು: ಆಟ ಶುರುಮಾಡಿ ಎರಡು ವರ್ಷ ಆಗದವರು ಪೆಲೆಟ್ ತೂಗುವ ಸಮಯವನ್ನು ಟ್ರಿಗರ್ ಅಭ್ಯಾಸಕ್ಕೆ ಕೊಡಲಿ. ಆಮೇಲೂ ತೂಗಬೇಕಾದದ್ದು ಗುಂಪಿನಿಂದ ತೀರಾ ಹೊರಗಿರುವ ಹತ್ತಿಪ್ಪತ್ತನ್ನು ಹಿಡಿದು ತೆಗೆಯಲು ಮಾತ್ರ. ಅಗ್ಗದ ಟಿನ್‌ನಲ್ಲಿ ಅಂಥವು ಜಾಸ್ತಿ. ನಮಗೊಮ್ಮೆ ಒಂದೇ ಟಿನ್‌ನಲ್ಲಿ 0.512 ಕೂಡ ಸಿಕ್ಕಿತು, 0.548 ಕೂಡ. ಸ್ಪರ್ಧೆಗೆಂದೇ ಮಾಡಿದ ಒಳ್ಳೆಯ ಮ್ಯಾಚ್ ಪೆಲೆಟ್ ಟಿನ್‌ನಲ್ಲಿ ಹೆಚ್ಚಿನವು 10 ಮಿಲಿಗ್ರಾಂ ಒಳಗೇ ಇದ್ದವು. ಅದನ್ನು ತೂಗಿದ್ದಕ್ಕೆ ಸಮಾಧಾನ ಸಿಕ್ಕಿತು, ಅಂಕ ಸಿಗಲಿಲ್ಲ.

ನಂಬಿಕೆ ಇಲ್ಲದಿದ್ದರೆ ನೀವೇ ನೋಡಿ. ಅತೀ ಹಗುರವಾದ ಹತ್ತು, ಅತೀ ಭಾರದ ಹತ್ತು ಆರಿಸಿ. ರೈಫಲನ್ನು ಮರಳಿನ ಚೀಲದ ಮೇಲೆ ಒರಗಿಸಿ, ಒಂದು ಕಾಗದಕ್ಕೆ ಹಗುರದ್ದು, ಇನ್ನೊಂದಕ್ಕೆ ಭಾರದ್ದು ಹಾರಿಸಿ. ಎರಡನ್ನೂ ಬೆಳಕಿಗೆ ಹಿಡಿದು ಒಂದರ ಮೇಲೊಂದು ಇಟ್ಟು ನೋಡಿ. ಭಾರದ್ದರ ತೂತುಗಳ ಗುಂಪು ಚೂರು ಕೆಳಗಿದ್ದರೆ ನಿಮ್ಮ ಟಿನ್ ತೂಗಬೇಕಾದ ಟಿನ್. ಎರಡೂ ಒಂದೇ ಕಡೆ ಇದ್ದರೆ ತಕ್ಕಡಿಯನ್ನು ಡಬ್ಬಿಗೆ ಹಾಕಿ.

ನಮ್ಮ ಹುಡುಗಿ ಹೀಗೇ ಮಾಡಿ ನೋಡಿದಳು. ಅವಳ ಟಿನ್‌ನಲ್ಲಿ ಎರಡು ಗುಂಪೂ ಒಂದೇ ಕಡೆ ಬಿದ್ದವು. ಹಾಗಾದರೆ ಈಡು ಮೇಲೆ ಕೆಳಗೆ ಹೋಗುತ್ತಿದ್ದದ್ದು ಯಾಕೆ? ಮರುದಿನ ಅವಳು ನಿಂತು ಹೊಡೆಯುವುದನ್ನು ಪಕ್ಕದಿಂದ ನೋಡಿದೆ. ಪೂರ್ತಿ ಉಸಿರು ಬಿಡುವ ಮೊದಲೇ ಟ್ರಿಗರ್ ಎಳೆಯುತ್ತಿದ್ದಳು. 'ತಕ್ಕಡಿ ವಾಪಸ್ ತಗೊಂಡು ಹೋಗ್ಲಾ ಚಿಕ್ಕಪ್ಪ?' ಅಂದಳು. ಇಲ್ಲೇ ಇರಲಿ ಅಂದೆ. ಈಗ ಅದರಲ್ಲಿ ನಾನು ಏಲಕ್ಕಿ ತೂಗುತ್ತೇನೆ, ಫ್ಯಾನ್ ನಿಲ್ಲಿಸಿಯೇ.